ವಾರಸುದಾರರಿಲ್ಲದ ಹದಿನೇಳು ಕೂಗು

ವೀರಭದ್ರಾಚಾರ್ ತಮ್ಮ ಹೆಂಡತಿಯ ಮುಖ ನೋಡಿ "ತಾವು ಯಾರು ತಾಯಿ?" ಎಂದು ಕೇಳಿದ್ದು ಒಂದು ಸೋಮವಾರ ಬೆಳಿಗ್ಗೆ. ಆ ಸುದ್ದಿ ಮೈಸೂರಿನ ಸ್ಮೃತಿ ಕೇಂದ್ರಕ್ಕೆ ಮುಟ್ಟಿದ್ದು ಭಾನುವಾರ ಸಂಜೆ. ನಡುವಿನ ಆರು ದಿನ ಆ ಮನೆಯಾಕೆ ಏನು ಮಾಡುತ್ತಿದ್ದರು ಎಂಬುದು ಕೇಂದ್ರದ ತಂತ್ರಜ್ಞೆ ವಾರಿಜಾಗೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನಲ್ಲಿಯಲ್ಲಿ ನೀರು ನಿಂತರೆ ಆರು ಗಂಟೆ ಸುಮ್ಮನಿರದ ಜನ ನಮ್ಮವರು. ಗಂಡನ ತಲೆಯಿಂದ ನಲವತ್ತು ವರ್ಷ ಮಾಯವಾದರೆ ಆರು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರೆಯೇ?

ಸೋಮವಾರ ಬೆಳಗಿನ ರೈಲಿನಲ್ಲಿ ಚನ್ನಪಟ್ಟಣಕ್ಕೆ ಹೊರಟಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಇದೇ ಸಿಟ್ಟು. ಸಿಟ್ಟಿನ ಅಡಿಯಲ್ಲಿ ಸ್ವಲ್ಪ ಭಯವೂ ಇತ್ತು. ಆದರೆ ಅದನ್ನು ಅವಳು ಇನ್ನೂ ಒಪ್ಪಿಕೊಂಡಿರಲಿಲ್ಲ.

ಕಿವಿಬೀಜ ಬಂದು ಆಗ ಒಂಬತ್ತು ವರ್ಷವಾಗಿತ್ತು. ಪಾರ್ಶ್ವವಾಯು ಹೊಡೆದು ನೆನಪು ಕಳೆದುಕೊಂಡವರಿಗೆ ಕಿವಿಯ ಹಿಂದೆ, ಚರ್ಮದ ಕೆಳಗೆ, ಹುಣಸೆಬೀಜದಷ್ಟು ದೊಡ್ಡದೊಂದು ಯಂತ್ರ ಕೂರಿಸುತ್ತಿದ್ದರು. ಅದರ ನಿಜವಾದ ಹೆಸರು ಉದ್ದವಾಗಿತ್ತು, ಅದನ್ನು ಯಾರೂ ಬಳಸುತ್ತಿರಲಿಲ್ಲ. ಇಂಥವರ ತಲೆಯಲ್ಲಿ ನೆನಪುಗಳು ಸತ್ತಿರುವುದಿಲ್ಲ, ಅವುಗಳ ಬಳಿಗೆ ಹೋಗುವ ದಾರಿ ಮಾತ್ರ ಮುಚ್ಚಿಹೋಗಿರುತ್ತದೆ. ಆ ದಾರಿಗಳ ನಕ್ಷೆಯನ್ನು ತಿಂಗಳುಗಟ್ಟಲೆ ಕೂತು ತಯಾರಿಸಿ ಕೇಂದ್ರದ ಸರ್ವರಿನಲ್ಲಿ ಇಡುತ್ತಿದ್ದರು. ಅದಕ್ಕೆ ಆ ಮನುಷ್ಯನ ಪ್ರೊಫೈಲ್ ಎನ್ನುತ್ತಿದ್ದರು. ಬೆಳಿಗ್ಗೆ ಅವರು ಕಣ್ಣು ಬಿಟ್ಟಾಗ ಕಿವಿಬೀಜವು ಅವರ ಪ್ರೊಫೈಲನ್ನು ತೆರೆಯುತ್ತಿತ್ತು. ಹೆಂಡತಿ, ಮಕ್ಕಳು, ಬೀದಿ, ಹಳೆಯ ಜಗಳಗಳು ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತಿದ್ದವು.

ಪ್ರೊಫೈಲ್ ಸಿಗದಿದ್ದರೆ? ಅದಕ್ಕೂ ಏರ್ಪಾಡಿತ್ತು. ಯಂತ್ರ ಒಂದು ತಾತ್ಕಾಲಿಕ ಪ್ರೊಫೈಲ್ ತೆರೆಯುತ್ತಿತ್ತು, ಖಾಲಿ ಅತಿಥಿ ಕೋಣೆಯಂಥದ್ದು. ಮಾತು ಬರುತ್ತದೆ, ಕೈಕೆಲಸ ಬರುತ್ತದೆ, ಏಕೆಂದರೆ ಅವು ಮಿದುಳಿನ ಬೇರೆ ಮೂಲೆಯಲ್ಲಿರುತ್ತವೆ. ಆದರೆ ಜನ ಮಾತ್ರ ಇರುವುದಿಲ್ಲ.

ಚನ್ನಪಟ್ಟಣದ ಆ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಯ ತುದಿಯಿಂದಲೇ ಲೇತ್ ಯಂತ್ರದ ಗುರ್ ಸದ್ದು ಕೇಳುತ್ತಿತ್ತು, ಕಾದ ಅರಗಿನ ವಾಸನೆ ಬರುತ್ತಿತ್ತು. ಮನೆಯ ಮುಂಭಾಗವೇ ಕೆಲಸದ ಕೋಣೆ. ಅರವತ್ತಾರು ವರ್ಷದ ಆಚಾರ್ ಲೇತಿನ ಮುಂದೆ ಕುಳಿತು ತಿರುಗುವ ಮರಕ್ಕೆ ಉಳಿ ಹಿಡಿದಿದ್ದರು. ಸುತ್ತ ಮೊಣಕಾಲೆತ್ತರ ಮರದ ಹೊಟ್ಟು.

"ಬನ್ನಿ ಬನ್ನಿ," ಎಂದು ಅವರು ಯಂತ್ರ ನಿಲ್ಲಿಸಿ ಎದ್ದರು. "ಬೊಂಬೆ ಬೇಕಿತ್ತಾ? ಅಂಗಡಿ ನಂದೇ ಅಂತ ಹೇಳ್ತಾರೆ. ಕೈ ನೋಡಿದ್ರೆ ಹೌದು ಅನ್ಸುತ್ತೆ." ಆಮೇಲೆ ಒಳಗಡೆ ತಿರುಗಿ ಕರೆದರು: "ಕನಕರತ್ನಮ್ಮಾ, ಯಾರೋ ಬಂದವ್ರೆ ನೋಡಿ."

ಬಾಗಿಲಿಗೆ ಬಂದ ಹೆಂಗಸಿಗೆ ಅರವತ್ತರ ಆಚೀಚೆ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದವರ ಮುಖ ಕೆಂಪಾಗಿತ್ತು. ಒಲೆಯ ಬಿಸಿಗೆ ಇರಬೇಕು ಎಂದುಕೊಂಡಳು ವಾರಿಜಾ. ಗಂಡ ಗುರುತು ಮರೆತ ಮನೆಯಲ್ಲಿ ಮುಡಿಗೆ ಮಲ್ಲಿಗೆ ಇಟ್ಟುಕೊಂಡಿದ್ದು ಮಾತ್ರ ಅವಳಿಗೆ ವಿಚಿತ್ರವೆನಿಸಿತು.

ತಪಾಸಣೆಗೆ ಹತ್ತು ನಿಮಿಷ ಸಾಕಾಯಿತು. ಆಚಾರ್ ಕಿವಿಯ ಹಿಂದೆ ಸಣ್ಣ ಓದುಗ ಯಂತ್ರ ಹಿಡಿದಾಗ ಪರದೆಯ ಮೇಲೆ ಬಂದದ್ದು ಅವಳು ನಿರೀಕ್ಷಿಸಿದ್ದೇ: ತಾತ್ಕಾಲಿಕ ಪ್ರೊಫೈಲ್, ಎಂಟನೇ ದಿನ.

"ಕಾಯಿಲೆ ವಾಪಸ್ ಬಂತಾ ಮೇಡಂ?" ಕನಕರತ್ನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದರು.

"ಇಲ್ಲಮ್ಮ. ಎಲ್ಲೂ ಏನೂ ಹೋಗಿಲ್ಲ."

ವಾರಿಜಾ ಈ ಮಾತನ್ನು ಜೀವನದಲ್ಲಿ ಸಾವಿರ ಸಲ ಹೇಳಿದ್ದಳು. ಓದು ಮುಗಿಸಿದ ಹೊಸದರಲ್ಲಿ ಅವಳು ತಾಲ್ಲೂಕು ಕಚೇರಿಗಳ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಳು. ಬೆಳಿಗ್ಗೆ ಬಂದು ಕಂಪ್ಯೂಟರ್ ತೆರೆದರೆ ಪರದೆ ಬೋಳು. ಹದಿನೈದು ವರ್ಷದ ಫೈಲುಗಳು ಮಾಯ. ಗುಮಾಸ್ತರು ತಲೆ ಮೇಲೆ ಕೈ ಹೊತ್ತು ಕೂತಿರುತ್ತಿದ್ದರು, ಒಬ್ಬರಂತೂ ಅತ್ತೇಬಿಟ್ಟಿದ್ದರು. ಆಗ ಅವಳು ಹೇಳುತ್ತಿದ್ದಳು, ಫೈಲುಗಳು ಎಲ್ಲಿಗೂ ಹೋಗಿಲ್ಲ ಸಾರ್, ಇವತ್ತು ಯಂತ್ರ ನಿಮ್ಮನ್ನ ಬೇರೆ ಯಾರೋ ಅಂದುಕೊಂಡಿದೆ ಅಷ್ಟೇ. ಹಳೆಯ ಫೋಲ್ಡರ್ ಹುಡುಕಿ ಅವರ ಹೆಸರಿಗೆ ಮತ್ತೆ ಜೋಡಿಸಿದರೆ ಮುಗಿಯಿತು, ಕಾಫಿ ತರಿಸುತ್ತಿದ್ದರು.

"ಹಂಗಾದ್ರೆ ಇವ್ರದ್ದೂ ಎಲ್ಲೋ ಇದೆ," ಎಂದರು ಕನಕರತ್ನಮ್ಮ.

"ಇದೆ. ಹುಡುಕಬೇಕು." ವಾರಿಜಾ ತಡೆದು ಹೇಳಿದಳು, "ಆದರೆ ಹತ್ತು ದಿನದೊಳಗೆ. ವಾರಸುದಾರರಿಲ್ಲದ ನೆನಪನ್ನ ಸರ್ಕಾರ ಇಟ್ಟುಕೊಳ್ಳೋ ಹಾಗಿಲ್ಲ, ಕಾನೂನಿದೆ. ಹತ್ತನೇ ದಿನ ಸಂಜೆ ಆರಕ್ಕೆ ತಾನಾಗೇ ಅಳಿಸಿಹೋಗುತ್ತೆ. ಅಂದರೆ ನಾಡಿದ್ದು ಬುಧವಾರ. ನೀವು ಮೊದಲ ದಿನವೇ ಫೋನ್ ಮಾಡಬಾರದಿತ್ತಾ?"

ನಿನ್ನೆ ಮಗಳು ಮದ್ದೂರಿನಿಂದ ಬಂದಿದ್ದಳು, ಅಪ್ಪ ಅವಳಿಗೆ ಕೈಮುಗಿದು ನಮಸ್ಕಾರ ಹೇಳಿದರು, ಹುಡುಗಿ ಬಸ್ ಸ್ಟ್ಯಾಂಡಿನ ತನಕ ಅಳುತ್ತ ಹೋದಳು ಎಂದಷ್ಟೇ ಹೇಳಿ, ಕನಕರತ್ನಮ್ಮ ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದರು.

ಅವರು ಅತ್ತ ಹೋದದ್ದೇ ತಡ, ಆಚಾರ್ ಹೊಟ್ಟಿನ ರಾಶಿಗೆ ಕೈ ಹಾಕಿ ಏನನ್ನೋ ತೆಗೆದು ತೋರಿಸಿದರು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಕುಂಕುಮದ ಭರಣಿ. ಹಾಲೆ ಮರದ್ದು, ಇನ್ನೂ ಬಣ್ಣ ಹಾಕಿರಲಿಲ್ಲ.

"ಆಯಮ್ಮನಿಗೆ ಹೇಳ್ಬೇಡಿ," ಅವರು ತಗ್ಗಿದ ದನಿಯಲ್ಲಿ ಹೇಳಿದರು. "ಒಂದು ವಾರದಿಂದ ನಂಗೆ ಮಾಡಿ ಹಾಕ್ತಾವ್ರೆ. ನಾನು ಯಾರು ಅಂತ ನಂಗೇ ತಿಳೀದು, ಅವರು ಮಾತ್ರ ಹಿಂಗೆ ನೋಡ್ಕೊಳ್ತಾರೆ. ಎಂಥ ದೊಡ್ಡ ಮನಸ್ಸು. ಏನಾರ ಕೊಡ್ಬೇಕು ಅನ್ಸ್ತು. ಕೆಂಪು ಅರಗು ಹಾಕಿದ್ರೆ ಚೆನ್ನಾಗಿರ್ತದೆ ಅಲ್ವಾ?"

"ಚೆನ್ನಾಗಿರುತ್ತೆ," ಎಂದಳು ವಾರಿಜಾ. ಅವಳ ಸಿಟ್ಟು ಎತ್ತ ಹೋಯಿತೋ.

ಕೇಂದ್ರಕ್ಕೆ ಮರಳಿದವಳು ಸಂಜೆಯ ತನಕ ಹುಡುಕಿದಳು. ವೀರಭದ್ರಾಚಾರ್, ಚನ್ನಪಟ್ಟಣ. ಇಲ್ಲ. ವೀರಭದ್ರಪ್ಪ, ವೀರಭದ್ರಯ್ಯ, ಬರೀ ಆಚಾರ್. ಇಲ್ಲ, ಇಲ್ಲ, ಇಲ್ಲ. ಗುರುತಿನ ಚೀಟಿಯ ಸಂಖ್ಯೆ ಹಾಕಿದರೂ ಸಿಕ್ಕಿದ್ದು ಅದೇ ಖಾಲಿ ತಾತ್ಕಾಲಿಕ ಕೋಣೆ.

ಸರ್ವರ್ ಕೋಣೆಯ ಮುಖ್ಯಸ್ಥ ಅನ್ಸರ್ ಪಾಷಾ ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ, ಯಾವುದಕ್ಕೂ ಗಾಬರಿ ಬೀಳದವರು. ಅವರು ಹಿಂದೆ ನಿಂತು ನೋಡಿ ಒಂದೇ ಪ್ರಶ್ನೆ ಕೇಳಿದರು. "ವಾರಿಜಮ್ಮ, ಹೋದ ಸೋಮವಾರ ಏನಾಯ್ತು ನಮ್ಮಲ್ಲಿ?"

ಈಗ ಆ ಭಯ ಮೇಲೆ ಬಂತು. ಹೋದ ಸೋಮವಾರ ಬೆಳಗಿನ ಜಾವ ಮೈಸೂರು ವಿಭಾಗದ ನಾನೂರು ಜನರ ಪ್ರೊಫೈಲುಗಳಿಗೆ ಹೊಸ ವ್ಯವಸ್ಥೆ ಹಾಕಿದ್ದರು. ಹಾಕಿಸಿದವಳು ವಾರಿಜಾ. ಹಳೆಯ ದಾಖಲೆಯಲ್ಲಿ ಪ್ರೊಫೈಲಿಗೆ ಲಿಖಿತ ಹೆಸರೇ ಇರಲಿಲ್ಲ. ನೋಂದಣಿಗೆ ಹೋದವರು ಮನೆಯ ಒಬ್ಬರಿಂದ "ಇವರನ್ನು ಹೆಸರಿಟ್ಟು ಕರೆಯಿರಿ" ಎಂದು ಕರೆಸಿ, ಆ ದನಿಯನ್ನೇ ಪ್ರೊಫೈಲಿನ ತಲೆಬರಹವಾಗಿ ಇಡುತ್ತಿದ್ದರು. ಇದೆಲ್ಲ ಗೊಂದಲ, ಗುರುತಿನ ಚೀಟಿಯಲ್ಲಿರುವ ಹೆಸರಿಗೆ ಜೋಡಿಸಿದರೆ ಅಚ್ಚುಕಟ್ಟು ಎಂದು ಮೂರು ಸಭೆಗಳಲ್ಲಿ ವಾದಿಸಿ ಗೆದ್ದಿದ್ದಳು ಅವಳು. ಯಂತ್ರವೇ ದನಿ ಕೇಳಿ, ಹೆಸರು ಗುರುತಿಸಿ, ಚೀಟಿಯ ಹೆಸರಿನೊಂದಿಗೆ ತಾಳೆ ನೋಡಿ ಜೋಡಿಸುತ್ತಿತ್ತು.

"ತಾಳೆಯಾಗದವು ಎಷ್ಟು ಉಳಿದವು, ನೋಡಿದ್ರಾ?" ಪಾಷಾ ಕೇಳಿದರು.

ನೋಡಿರಲಿಲ್ಲ. ಈಗ ನೋಡಿದಳು. ನಾನೂರರಲ್ಲಿ ಹದಿನೇಳು. ಅವರಲ್ಲಿ ಹದಿನಾರು ಜನರ ಮನೆಯವರು ಕಾಯಿಲೆ ಮರುಕಳಿಸಿತೆಂದು ತಮ್ಮ ತಮ್ಮ ಊರಿನ ಆಸ್ಪತ್ರೆಗಳಿಗೆ ಅಲೆಯುತ್ತಿದ್ದರು. ಕೇಂದ್ರಕ್ಕೆ ಫೋನ್ ಮಾಡಿದ್ದು ಕನಕರತ್ನಮ್ಮ ಒಬ್ಬರೇ.

ಮಂಗಳವಾರ ಬೆಳಿಗ್ಗೆ ವಾರಿಜಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ಹದಿನೇಳು ತಲೆಬರಹಗಳನ್ನು ಒಂದೊಂದಾಗಿ ಕೇಳಿದಳು. ಪ್ರೊಫೈಲಿನ ಒಳಗೆ ಇಣುಕುವಂತಿರಲಿಲ್ಲ, ಕರೆದ ದನಿಯನ್ನು ಕೇಳಬಹುದಿತ್ತು ಅಷ್ಟೇ.

ಮೊದಲನೆಯದು: "ಏನೂಂದ್ರೆ..."

ಎರಡನೆಯದು: "ಯಜಮಾನ್ರೇ."

ಮೂರನೆಯದರಲ್ಲಿ ಒಂದು ಸಣ್ಣ ನಗು, ಬಳೆ ಸದ್ದು, ಆಮೇಲೆ "ಸವಿತನ ಅಪ್ಪಾ". ಇನ್ನೊಬ್ಬರು ಗಂಡನನ್ನು "ಮೇಷ್ಟ್ರೇ" ಎಂದಿದ್ದರು. ಮತ್ತೊಬ್ಬರು ಏನೂ ಹೇಳದೆ ಬರೀ ಕೆಮ್ಮಿದ್ದರು, ಎರಡು ಸಲ. ಪಾಷಾ ಸಾಹೇಬರೂ ಇನ್ನೊಂದು ಹೆಡ್‌ಫೋನ್ ಹಾಕಿ ಕೂತಿದ್ದರು. ಕೆಮ್ಮು ಕೇಳಿದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಕ್ಕಿದ್ದಕ್ಕೋ ಏನೋ.

"ನಮ್ಮಮ್ಮನೂ ಹೀಗೇ," ಎಂದರು. "ಸಾಯೋ ತನಕ ಅಬ್ಬಾಜಾನ್ ಹೆಸರು ಬಾಯಲ್ಲಿ ಬರ್ಲಿಲ್ಲ. ರೇಷನ್ ಅಂಗಡೀಲಿ ಕೇಳಿದ್ರೆ ನನ್ನ ಮುಂದೆ ತಳ್ಳೋರು."

ವಾರಿಜಾಗೆ ನಾಚಿಕೆಯಾಯಿತು. ಗಂಡನ ಹೆಸರು ಹೇಳದ ಹೆಂಗಸರು ಈ ನಾಡಿನಲ್ಲಿ ಇದ್ದಾರೆ ಎಂಬುದು ಅವಳಿಗೇನು ಹೊಸದೇ? ಅವಳ ಅಜ್ಜಿ ಹಾಗೇ ಇದ್ದರು. ಹೆಸರಿಟ್ಟು ಕರೆಯಿರಿ ಎಂದಾಗ ಇವರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿರುತ್ತಾರೆ. ನೋಂದಣಿಗೆ ಹೋದವರು ಸಾಕಾಗಿ, ಹೋಗಲಿ ದಿನಾ ಕರೆಯುವ ಹಾಗೆ ಕರೆಯಿರಿ ಎಂದಿರುತ್ತಾರೆ. ಇವರು ಕರೆದಿದ್ದಾರೆ. ಗಂಡಂದಿರ ಇಡೀ ಬದುಕು ಆ ಒಂದೊಂದು ಕೂಗಿನ ಕೆಳಗೆ ಭದ್ರವಾಗಿ ಕೂತಿತ್ತು. ಅಚ್ಚುಕಟ್ಟು ಮಾಡಲು ಹೋದ ವಾರಿಜಾ ಅದನ್ನು ಬೀದಿಗೆ ಹಾಕಿದ್ದಳು.

ಹದಿನೇಳರಲ್ಲಿ ನಾಲ್ಕು ಬರೀ "ರೀ". ನಾಲ್ಕನೆಯ "ರೀ" ಉಳಿದವುಗಳಿಗಿಂತ ಎತ್ತರದ ದನಿಯಲ್ಲಿತ್ತು, ಉದ್ದವಾಗಿತ್ತು. ಅದರ ಹಿಂದೆ ಗುರ್ ಎನ್ನುವ ಸದ್ದು. ವಾರಿಜಾ ಕುರ್ಚಿಯಿಂದ ಎದ್ದೇಬಿಟ್ಟಳು. ಆ ಸದ್ದು ಅವಳು ನಿನ್ನೆ ಕೇಳಿದ್ದೇ ಆಗಿತ್ತು.

ಕಾರು ಕಳಿಸಿ ಕನಕರತ್ನಮ್ಮನನ್ನು ಮಧ್ಯಾಹ್ನದೊಳಗೆ ಮೈಸೂರಿಗೆ ಕರೆಸಿದರು. ನಿಯಮ ಸರಳವಾಗಿತ್ತು. ಮೊದಲು ಕರೆದವರೇ ಮತ್ತೆ ಅದೇ ರೀತಿ ಕರೆಯಬೇಕು, ದನಿ ದನಿಗೆ ಕೂಡಿದರೆ ಪ್ರೊಫೈಲ್ ತೆರೆದು ಹೊಸದಾಗಿ ಜೋಡಣೆಯಾಗುತ್ತದೆ. ಮೂರು ಅವಕಾಶ. ಮೂರೂ ತಪ್ಪಿದರೆ ಯಾರೋ ಕಳ್ಳರು ಪ್ರಯತ್ನಿಸುತ್ತಿದ್ದಾರೆಂದು ತಿಳಿದು ಯಂತ್ರ ಅದನ್ನು ಶಾಶ್ವತವಾಗಿ ಮುಚ್ಚಿಬಿಡುತ್ತದೆ.

ಸದ್ದಡಗಿಸಿದ ತಣ್ಣನೆಯ ಕೋಣೆಯಲ್ಲಿ, ಮೈಕಿನ ಮುಂದೆ, ಕನಕರತ್ನಮ್ಮ ಕೈಗಳನ್ನು ಮಡಿಲಲ್ಲಿಟ್ಟು ಕೂತರು. ಗಾಜಿನ ಆಚೆ ನಾಲ್ಕು ಜನ ನೋಡುತ್ತಿದ್ದರು.

"ರೀ," ಎಂದರು. ದೇವರ ಮನೆಯಲ್ಲಿ ಮಾತಾಡಿದಷ್ಟು ಮೆಲ್ಲಗೆ.

ಪರದೆಯ ಮೇಲೆ ಕೆಂಪು.

"ಸ್ವಲ್ಪ ಜೋರಾಗಿ ಅಮ್ಮಾ. ಮನೆಯಲ್ಲಿ ಕರೆಯೋ ಹಾಗೆ."

"ರೀ," ಎಂದರು ಮತ್ತೆ, ಜೋರಾಗಿಯೇ. ಆದರೆ ಅದು ಅಂಗಡಿಯವನನ್ನು ಕರೆದಂತಿತ್ತು. ಮತ್ತೆ ಕೆಂಪು.

ಕನಕರತ್ನಮ್ಮನ ಕಣ್ಣು ತುಂಬಿತು. "ಇಲ್ಲಿ ಯಾರೂ ಇಲ್ವಲ್ಲ ಮೇಡಂ, ಯಾರನ್ನ ಅಂತ ಕರೀಲಿ?"

ಪಾಷಾ ಕೈ ಎತ್ತಿ ನಿಲ್ಲಿಸಿದರು. ಉಳಿದದ್ದು ಒಂದೇ ಅವಕಾಶ, ಒಂದೇ ದಿನ.

ಆ ಸಂಜೆ ವಾರಿಜಾ ಮನೆಗೆ ಬಂದು ಊಟದ ಮೇಜಿನ ಮುಂದೆ ಕೂತಿದ್ದಳು. ಅವಳ ಗಂಡ ಪ್ರಸನ್ನ ಅಡುಗೆಮನೆಯಲ್ಲಿ ದೋಸೆಗೆ ರುಬ್ಬುತ್ತಿದ್ದ. ಮದುವೆಯಾದಾಗಿನಿಂದ ಇಬ್ಬರೂ ಹೆಸರು ಹಿಡಿದೇ ಕರೆದುಕೊಂಡವರು. ಸುಮ್ಮನೆ ನೋಡೋಣವೆಂದು ವಾರಿಜಾ ಅತ್ತ ತಿರುಗಿ "ರೀ" ಎಂದಳು.

ಪ್ರಸನ್ನ ಇಣುಕಿ ನೋಡಿದ. "ಹುಷಾರಿದ್ದೀಯಾ ತಾನೇ?"

"ಏನಿಲ್ಲ, ಹೋಗು."

ಮಿಕ್ಸಿ ಮತ್ತೆ ಶುರುವಾಯಿತು. ಅರೆ ನಿಮಿಷದ ಮೇಲೆ ಆ ಗದ್ದಲದ ಒಳಗಿಂದ ಪ್ರಸನ್ನ ಕೂಗಿದ: "ವಾರಿಜಾ...! ಉಪ್ಪು ಎಲ್ಲಿಟ್ಟೆ?" ಗಂಟಲು ಏರಿಸಿ, ಕೊನೆಯನ್ನು ಎಳೆದು. ಎದುರು ಕೂತು ಮಾತಾಡುವಾಗಿನ ದನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ವಾರಿಜಾ ಎದ್ದು ಹೋಗಿ ಮಿಕ್ಸಿಯನ್ನೇ ನೋಡುತ್ತ ನಿಂತಳು. ಆಮೇಲೆ ಪಾಷಾ ಸಾಹೇಬರಿಗೆ ಫೋನ್ ಮಾಡಿದಳು. "ಸರ್, ನಾವು ಅವರನ್ನ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿದ್ದೇ ತಪ್ಪು. ಆಕೆ ನಲವತ್ತು ವರ್ಷ ಕೂಗಿದ್ದು ಲೇತಿನ ಸದ್ದಿನ ಮೇಲೆ. ಹದಿನೇಳೂ ಕೂಗು ಅವರವರ ಮನೆಯಲ್ಲೇ ಆಗಬೇಕು, ಅವರವರ ಸದ್ದಿನಲ್ಲೇ."

ಪಾಷಾ ತಕ್ಷಣ ಜನರನ್ನು ಹೊಂದಿಸಲು ಕೂತರು. ವಾರಿಜಾ ಇನ್ನೊಂದು ಮಾತು ಕೇಳಿದಳು. ತಾತ್ಕಾಲಿಕ ಪ್ರೊಫೈಲಿನಲ್ಲಿ ಕಳೆದ ಈ ಹತ್ತು ದಿನವನ್ನು ಉಳಿಸಿಕೊಳ್ಳಲು ಆಗುವುದಿಲ್ಲವೇ?

"ಎರಡು ನಕ್ಷೆ ಬೆರೆಸಿದ್ರೆ ಎರಡೂ ಕೆಡ್ತವೆ, ನಿಮಗೇ ಗೊತ್ತು," ಎಂದರು ಪಾಷಾ. "ಹಳೇದು ತೆರೆದ ಕೂಡ್ಲೇ ತಾತ್ಕಾಲಿಕ ಅಳಿಸಿಹೋಗುತ್ತೆ. ಯಾಕೆ, ಅದ್ರಲ್ಲೇನಿದೆ ಅಂಥದ್ದು?"

ವಾರಿಜಾ ಭರಣಿಯ ವಿಷಯ ಹೇಳಲಿಲ್ಲ.

ಬುಧವಾರ ಅವಳು ಚನ್ನಪಟ್ಟಣ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಆಚಾರ್ ಲೇತಿನ ಮುಂದಿದ್ದರು. ಭರಣಿಗೆ ಕೆಂಪು ಅರಗು ಏರಿತ್ತು, ತಾಳೆಗರಿ ಒತ್ತಿ ಹೊಳಪು ಬರಿಸಿದ್ದರು. ಅವರು ಅದನ್ನು ತಲೆಕೆಳಗು ಮಾಡಿ ತಳದಲ್ಲಿ ಸಣ್ಣ ಉಳಿಯಿಂದ ಏನನ್ನೋ ಕೊರೆಯುತ್ತಿದ್ದರು. ವಾರಿಜಾಳನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು ಅದನ್ನು ಹೊಟ್ಟಿನೊಳಗೆ ತುರುಕಿದರು. ಹದಿನೆಂಟರ ಹುಡುಗನ ಮುಖದಲ್ಲಿರುವಂಥ ನಗು ಅವರ ಮುಖದಲ್ಲಿತ್ತು. ವಾರಿಜಾ ಅದನ್ನು ನೋಡಲಾಗದೆ ಅಡುಗೆಮನೆಗೆ ಹೋದಳು.

ಕನಕರತ್ನಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು.

"ವಿಶೇಷವಾಗಿ ಏನೂ ಮಾಡ್ಬೇಕಿಲ್ಲಮ್ಮ," ವಾರಿಜಾ ಹೇಳಿದಳು. "ಮೈಕು ಇಲ್ಲಿ ಕಿಟಕಿಯಲ್ಲಿ ಇಡ್ತೀನಿ. ಅವರು ಲೇತ್ ಓಡಿಸ್ತಿರಲಿ. ನೀವು ನಿಮ್ಮ ಕೆಲಸ ಮಾಡ್ತಾ ಇರಿ. ದಿನಾ ಯಾವುದಕ್ಕೆ ಕರೀತಿದ್ರೋ ಅದಕ್ಕೆ ಕರೀರಿ."

ಕನಕರತ್ನಮ್ಮ ಒಲೆ ಸಣ್ಣ ಮಾಡಿದರು. "ಒಂದು ಕೇಳ್ಲಾ? ಅವ್ರಿಗೆ ಎಲ್ಲಾ ಗ್ಯಾಪ್ಕ ಬಂದ್ಮೇಲೆ, ಈ ಹತ್ತು ದಿನದ್ದು?"

ಸುಳ್ಳು ಹೇಳಬಹುದಿತ್ತು. "ಇರೋದಿಲ್ಲಮ್ಮ," ಎಂದಳು ವಾರಿಜಾ.

ಆಕೆ ತಲೆಯಾಡಿಸಿದರು. ಆಮೇಲೆ, ಕೇಳದಿದ್ದರೂ, ತಾವಾಗಿಯೇ ಶುರುಮಾಡಿದರು.

"ನೀವು ಅವತ್ತು ಬೈದ್ರಲ್ಲ, ಮೊದ್ಲೇ ಫೋನ್ ಮಾಡಬಾರದಿತ್ತಾ ಅಂತ. ಮಾಡೋಕೆ ಅಂತ್ಲೇ ಫೋನ್ ತಗೊಂಡಿದ್ದೆ ಕಣಮ್ಮ. ಅಷ್ಟೊತ್ತಿಗೆ ಇವ್ರು 'ನಿಮ್ಮ ಹೆಸರೇನು ತಾಯಿ' ಅಂದ್ರು. ಮದುವೆಯಾಗಿ ನಲವತ್ತೊಂದು ವರ್ಷ ಆಯ್ತು. ಅತ್ತೆ 'ಏ ಹುಡುಗಿ' ಅಂತಿದ್ರು, ಇವ್ರು 'ಏ ಇವಳೇ' ಅಂತಾರೆ, ಮಗಳು ಅಮ್ಮ ಅಂತಾಳೆ, ಬೀದಿಯೋರು ಆಚಾರ್ ಮನೆಯಮ್ಮ ಅಂತಾರೆ. ನಮ್ಮಪ್ಪ ಇಟ್ಟ ಹೆಸರು ರೇಷನ್ ಕಾರ್ಡಲ್ಲಿ ಬಿಟ್ರೆ ಎಲ್ಲೂ ಇರ್ಲಿಲ್ಲ. ಕನಕರತ್ನ ಅಂದೆ. 'ಎಷ್ಟು ಚೆನ್ನಾಗಿದೆ' ಅಂದ್ರು. ಆಮೇಲೆ ಬಿಡ್ಲೇ ಇಲ್ಲ. ಕನಕರತ್ನಮ್ಮ ಊಟ ಆಯ್ತಾ, ಕನಕರತ್ನಮ್ಮ ನೀವೂ ಕೂತ್ಕೊಳ್ಳಿ, ನಿಂತು ನಿಂತು ಕಾಲು ನೋಯಲ್ವಾ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಇನ್ನೊಂದು ದಿನ ನೋಡೋಣ, ಇನ್ನೊಂದು ದಿನ ನೋಡೋಣ ಅಂತ ಆರು ದಿನ ಮಾಡ್ಬಿಟ್ಟೆ. ಭಾನುವಾರ ಮಗಳು ಅತ್ಕೊಂಡು ಹೋದ್ಮೇಲೆ ಬುದ್ಧಿ ಬಂತು. ನನ್ನ ಹೆಸರಿನ ಆಸೆಗೆ ಅವಳಪ್ಪನ್ನ ಕಿತ್ಕೊಂಡೆ ಅಲ್ವಾ? ಪಾಪದ ಕೆಲಸ."

"ಪಾಪ ನಂದಮ್ಮ, ನಿಮ್ಮದಲ್ಲ," ಎಂದಳು ವಾರಿಜಾ. ಹೆಸರುಗಳನ್ನು ಅಚ್ಚುಕಟ್ಟು ಮಾಡಲು ಹೋದದ್ದು ತಾನೇ ಎಂದು ಅವಳು ಮೊದಲ ಸಲ ಹೊರಗಿನವರಿಗೆ ಬಾಯಿಬಿಟ್ಟು ಹೇಳಿದಳು.

ಕನಕರತ್ನಮ್ಮ ಅವಳ ಕೆನ್ನೆ ಸವರಿದರು. ಒದ್ದೆ ಕೈ, ಕೊತ್ತಂಬರಿ ವಾಸನೆ. "ಹೋಗ್ಲಿ ಬಿಡಿ. ಗೊತ್ತಿಲ್ದೆ ಮಾಡಿದ್ದು ತಾನೇ."

ಹೊರಗೆ ಲೇತ್ ಗುರ್ ಎಂದಿತು. ವಾರಿಜಾ ಪರದೆ ಹಿಡಿದು ಮೂಲೆಗೆ ಸರಿದಳು. ಗಂಟೆ ನಾಲ್ಕೂವರೆ ದಾಟಿತು. ಕನಕರತ್ನಮ್ಮ ಅಕ್ಕಿ ತೊಳೆದರು, ತಟ್ಟೆ ತೊಳೆದರು, ತೊಳೆದ ತಟ್ಟೆಯನ್ನೇ ಮತ್ತೆ ತೊಳೆದರು. ಇನ್ನೂ ಕರೆಯಲಿಲ್ಲ. ವಾರಿಜಾ ಗಡಿಯಾರವನ್ನೇ ನೋಡುತ್ತಿದ್ದಳು. ಐದಕ್ಕೆ ಹತ್ತು ನಿಮಿಷವಿದ್ದಾಗ ಆಕೆ ಕಪಾಟಿನ ಮೇಲಿನಿಂದ ಹುರಿಗಡಲೆಯ ಸ್ಟೀಲ್ ಡಬ್ಬಿ ಇಳಿಸಿದರು. ಮುಚ್ಚಳ ಬಿಗಿದುಕೊಂಡಿತ್ತು. ತಿರುಗಿಸಿ ನೋಡಿದರು, ಸೆರಗು ಹಿಡಿದು ತಿರುಗಿಸಿ ನೋಡಿದರು. ಬರಲಿಲ್ಲ. ಹಣೆಯ ಮೇಲೆ ಗೆರೆ ಮೂಡಿತು, ಮುಖದಲ್ಲಿ ಹಳೆಯ ಮನೆವಾರ್ತೆಯ ಕಿರಿಕಿರಿ ಬಂದು ಕೂತಿತು. ಮೈಕು, ಮೈಸೂರು, ಎದುರಿಗಿದ್ದ ವಾರಿಜಾ ಯಾವುದೂ ನೆನಪಿದ್ದಂತೆ ಕಾಣಲಿಲ್ಲ.

"ರೀ...!"

ಲೇತಿನ ಸದ್ದಿನ ಮೇಲೆ ಆ ಕೂಗು ಏರಿ ಹೋಯಿತು.

ಪರದೆ ಒಂದು ಕ್ಷಣ ಕಪ್ಪಾಯಿತು. ಆಮೇಲೆ ಹಸಿರು.

ಹೊರಗೆ ಲೇತ್ ನಿಧಾನವಾಗಿ ನಿಂತಿತು. ಇಬ್ಬರು ಹೆಂಗಸರೂ ಬಾಗಿಲು ನೋಡುತ್ತಿದ್ದರು. ಚಪ್ಪಲಿಯಿಲ್ಲದ ಹೆಜ್ಜೆ ಸದ್ದು ಹತ್ತಿರ ಬಂತು. ಆಚಾರ್ ಒಳಗೆ ಬಂದರು, ಮೈಮೇಲೆಲ್ಲ ಹೊಟ್ಟು. ಯಾರನ್ನೂ ಏನೂ ಕೇಳದೆ ಹೆಂಡತಿಯ ಕೈಯಿಂದ ಡಬ್ಬಿ ತೆಗೆದುಕೊಂಡು, ಎದೆಗೆ ಒತ್ತಿ ಹಿಡಿದು, ಮುಚ್ಚಳ ತಿರುಗಿಸಿ ತೆಗೆದು ಕಟ್ಟೆಯ ಮೇಲಿಟ್ಟರು.

"ಎಷ್ಟು ಸಲ ಹೇಳೋದು ನಿಂಗೆ, ಇದನ್ನ ಇಷ್ಟು ಬಿಗಿಯಾಗಿ ಹಾಕ್ಬೇಡ ಅಂತ," ಎಂದರು. ಆಗ ವಾರಿಜಾಳನ್ನು ಕಂಡು ಅಂಗಿಯ ಹೊಟ್ಟು ಕೊಡವಿಕೊಂಡರು. "ಯಾರೇ ಇವ್ರು? ಬೊಂಬೆಗೆ ಬಂದೋರಾ?"

ಕನಕರತ್ನಮ್ಮ ನಗುತ್ತಿದ್ದರು, ಅಳುತ್ತಲೂ ಇದ್ದರು. ಮಗಳಿಗೆ ಫೋನ್ ಹಚ್ಚಿ ಗಂಡನ ಕೈಗೆ ಕೊಟ್ಟರು. ಅವರು "ಏನ್ ಮಗಾ, ಊಟ ಆಯ್ತಾ? ಯಾಕ್ ಅಳ್ತಿದ್ದೀ?" ಎನ್ನುತ್ತ ಹೊರಗೆ ನಡೆದರು.

ಆರು ಗಂಟೆಗೆ ಐದು ನಿಮಿಷವಿದ್ದಾಗ ಪಾಷಾ ಸಾಹೇಬರ ಸಂದೇಶ ಬಂತು. ಹದಿನೇಳರಲ್ಲಿ ಹದಿನಾರು ಮನೆಯಲ್ಲಿ ಹಸಿರಾಗಿತ್ತು. ಕೆಮ್ಮಿದವರೂ ಕೆಮ್ಮಿ ತೆರೆದಿದ್ದರು. ಒಂದು ಕೂಗಿನ ಒಡತಿ ಹೋದ ವರ್ಷ ತೀರಿಕೊಂಡಿದ್ದರು. ಮಗಳ ದನಿ ಥೇಟ್ ತಾಯಿಯದೇ ಎಂದು ಬೀದಿಯವರು ಹೇಳಿದ್ದರಿಂದ ಅವಳಿಂದ ಕೂಗಿಸಿದ್ದರಂತೆ, ಎರಡು ಸಲ ಕೆಂಪು ಬಂದಿತ್ತಂತೆ. ಎರಡು ನಿಮಿಷ ಬಿಟ್ಟು ಇನ್ನೊಂದು ಸಾಲು ಬಂತು: ಮಗಳು ಅಳುತ್ತ ಕೂಗಿದಳು, ತೆರೆಯಿತು. ವಾರಿಜಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದಳು. ಕೂಗುಗಳನ್ನು ಹಾಗೇ ಉಳಿಸಬೇಕು, ಚೀಟಿಯ ಹೆಸರು ಅವುಗಳ ಪಕ್ಕದಲ್ಲಿರಲಿ ಎಂದು ನಾಳೆ ಸಭೆಯಲ್ಲಿ ಹೇಳಬೇಕಿತ್ತು. ಮೂರು ಸಭೆಯಲ್ಲಿ ಗೆದ್ದ ಮಾತನ್ನು ನಾಲ್ಕನೆಯದರಲ್ಲಿ ತಾನೇ ಸೋಲಿಸಬೇಕಿತ್ತು.

ಕಾಫಿ ಕುಡಿಯದೆ ಹೋಗಲು ಕನಕರತ್ನಮ್ಮ ಬಿಡಲಿಲ್ಲ. ಅವರು ಒಳಗೆ ಹಾಲು ಕಾಯಿಸುತ್ತಿದ್ದರು. ವಾರಿಜಾ ಕೆಲಸದ ಕೋಣೆಯ ಸ್ಟೂಲಿನ ಮೇಲೆ ಕೂತಿದ್ದಳು. ಆಚಾರ್ ದಿನದ ಕೊನೆಯ ಕೆಲಸವಾಗಿ ಹೊಟ್ಟು ಗುಡಿಸುತ್ತಿದ್ದರು. ಪೊರಕೆಗೆ ಏನೋ ತಾಗಿ ಉರುಳಿತು.

ಅವರು ಬಗ್ಗಿ ಎತ್ತಿಕೊಂಡು ಬೆಳಕಿಗೆ ಹಿಡಿದರು. ಕೆಂಪು ಭರಣಿ. ಮುಚ್ಚಳ ತೆಗೆದರು, ಹಾಕಿದರು, ಅಂಚನ್ನು ಹೆಬ್ಬೆರಳಿನಿಂದ ಸವರಿದರು.

"ಇದನ್ನ ಯಾವಾಗ ಕಡೆದೆ ನಾನು? ಕೈ ನಂದೇ. ಈ ಥರ ಕಂಠ ಈ ಊರಲ್ಲಿ ಬೇರೆ ಯಾರೂ ತಿರುಗ್ಸಲ್ಲ." ತಲೆಕೆಳಗು ಮಾಡಿದರು. "ಏನೋ ಬರೆದಿದೆಯಲ್ಲ."

"ಏನಂತ ಬರೆದಿದೆ, ಓದಿ," ಎಂದಳು ವಾರಿಜಾ.

ಕನ್ನಡಕ ಇರಲಿಲ್ಲ. ಅವರು ಭರಣಿಯನ್ನು ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಶಾಲೆಯ ಹುಡುಗರ ಹಾಗೆ ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದರು.

"ಕ... ನ... ಕ... ಕನಕರತ್ನ."

ಅಡುಗೆಮನೆಯಲ್ಲಿ ಲೋಟಗಳ ಸದ್ದು ನಿಂತಿತು. ಹಾಲು ಉಕ್ಕಿ ಒಲೆಯ ಮೇಲೆ ಚುಯ್ ಎಂದದ್ದು ಕೇಳಿಸಿತು. ಯಾರೂ ಅದನ್ನು ಇ‌ಳಿಸಲು ಹೋಗಲಿಲ್ಲ.

ಆಚಾರ್ ಆ ಹೆಸರನ್ನು ನೋಡುತ್ತಲೇ ನಿಂತಿದ್ದರು. ನಲವತ್ತೊಂದು ವರ್ಷ ಮನೆಯಲ್ಲೇ ಇದ್ದ ವಸ್ತುವೊಂದು ಇವತ್ತು ಕೈಗೆ ಸಿಕ್ಕಿದಂತಿತ್ತು ಅವರ ಮುಖ. ಇನ್ನೊಂದು ಸಲ, ಈಗ ಓದಲು ಅಲ್ಲ, ಅಡುಗೆಮನೆಯ ಕಡೆ ತಿರುಗಿ, ಸಂಕೋಚದಿಂದ ಮೆಲ್ಲಗೆ ಹೇಳಿದರು.

"ಕನಕರತ್ನಾ?"

"ಆಂ," ಎಂದಿತು ಒಳಗಿನ ದನಿ. "ಬಂದೆ ರೀ."